ಹಳೆ ಜೀಪು ಸದ್ದು ಮಾಡುತ್ತಿದೆಯಾ? ಬಿಚ್ಚುವ ಮೊದಲು ಹೀಗೆ ಹುಡುಕಿ

ಗ್ಯಾರೇಜಿಗೆ ಹೋಗಿ "ಹಿಂದೆ ಏನೋ ಗುಂಯ್ ಅಂತಿದೆ" ಅಂದು ನೋಡಿ. ಮೊದಲು ಬಾಯಿಗೆ ಬರುವುದೇ ಕ್ರೌನ್ ಪಿನಿಯನ್ ಸೆಟ್ಟಿನ (ಆಕ್ಸಲ್ ಒಳಗೆ ಚಕ್ರ ತಿರುಗಿಸುವ ದೊಡ್ಡ-ಸಣ್ಣ ಗಿಯರ್ ಜೋಡಿ) ರೇಟು. ಅದರಲ್ಲಿ ಮೇಸ್ತ್ರಿಯ ತಪ್ಪೇನಿಲ್ಲ, ನಾವು ಹೇಳಿದ್ದೇ ಅಷ್ಟು. ಅದರ ಬದಲು "ಟಾಪ್ ಗಿಯರಿನಲ್ಲಿ, 40ರ ಮೇಲೆ, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬರುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ" ಅಂದರೆ ಅವರೂ ಬೇರೆ ಥರ ಯೋಚಿಸುತ್ತಾರೆ. ಆ ಒಂದು ವಾಕ್ಯ ಹೇಳುವಷ್ಟು ತಿಳಿದುಕೊಳ್ಳಲು ಏನೇನು ಮಾಡಬೇಕು ಅನ್ನುವುದನ್ನು ಬರೆಯುತ್ತಿದ್ದೇನೆ.

ನಾನು ಓಡಿಸುವುದು ಮಹೀಂದ್ರ ಎಂಎಂ 540. 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್ನು, ನಾಲ್ಕು ಗಿಯರು, ಪಕ್ಕದಲ್ಲಿ ಫೋರ್ ವೀಲಿನ ಗಿಡ್ಡ ಲಿವರು. ಮೂಡಿಗೆರೆ ಕಡೆಯ ತೋಟದಲ್ಲಿ ಗೊಬ್ಬರ, ಕಾಫಿ ಮೂಟೆ, ಸೌದೆ ಎಲ್ಲ ಹೊರುವುದು ಇದೇ. ನಿಮ್ಮದು ಬೇರೆ ಜೀಪಾದರೂ, ಜಿಪ್ಸಿಯಾದರೂ ಕೆಳಗಿನ ಬಹುಪಾಲು ಹೊಂದುತ್ತದೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸು (ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ) ಗಿಯರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಇನ್ನೊಂದು ಗಿಡ್ಡ ಶಾಫ್ಟ್ ಇದೆ. ಹಾಗಾಗಿ ಅಲ್ಲಿ ಹುಡುಕಲು ಎರಡು ಕ್ರಾಸ್ (ಶಾಫ್ಟಿನ ತುದಿಯ ಮಡಚುವ ಕೀಲು) ಜಾಸ್ತಿ.

ಜಾಗದ ವಿಷಯದಲ್ಲಿ ಕಿವಿಯನ್ನು ನಂಬಬೇಡಿ. ಜೀಪೆಂದರೆ ಉದ್ದದ ಎರಡು ಕಬ್ಬಿಣದ ಚಾಸಿ ಮೇಲೆ ತಗಡು. ಮುಂದಿನ ಬೇರಿಂಗ್ ಕೂಗಿದರೂ ಸೀಟಿನ ಹಿಂದೆ ಕೇಳಿಸುತ್ತದೆ. ಸದ್ದು ಬರುವಾಗ ಕೆಳಗೆ ಏನೇನು ತಿರುಗುತ್ತಿದೆ, ಯಾವುದರ ಮೇಲೆ ಭಾರ ಬಿದ್ದಿದೆ ಅನ್ನುವುದನ್ನು ಯೋಚಿಸಬೇಕು. ಕೆಲವು ಎಂಜಿನ್ ಜೊತೆ ತಿರುಗುತ್ತವೆ. ಕೆಲವು ಪ್ರೊಪೆಲ್ಲರ್ ಶಾಫ್ಟಿನ, ಅಂದರೆ ಆಕ್ಸಲ್ಲಿಗೆ ಬಲ ಒಯ್ಯುವ ಉದ್ದ ಕೊಳವೆಯ ಜೊತೆ. ಕೆಲವು ಚಕ್ರದ ಜೊತೆ. ಈ ಮೂರರಲ್ಲಿ ಯಾವ ಗುಂಪು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಎಣಿಸಿ ನೋಡುವ ಒಂದು ದಾರಿ ಇದೆ. 6.00-16 ಟೈರು ಒಂದು ಸುತ್ತು ಹಾಕಿದರೆ ಗಾಡಿ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಒಂದೂಕಾಲು ಸುತ್ತು. ಪ್ರೊಪೆಲ್ಲರ್ ಶಾಫ್ಟು ಅದರ ನಾಲ್ಕೈದು ಪಟ್ಟು ತಿರುಗುತ್ತಿರುತ್ತದೆ. ಟಕ್... ಟಕ್... ಅಂತ ನಿಧಾನವಾಗಿ ಎಣಿಸಲು ಆಗುತ್ತದೆ ಅಂದರೆ ಚಕ್ರ, ಹಬ್, ಆಕ್ಸಲ್ ಅಥವಾ ಕ್ರೌನ್. ಎಣಿಸಲು ಆಗದಷ್ಟು ಬೇಗ ಟಕಟಕ ಅಂದರೆ ಶಾಫ್ಟು, ಕ್ರಾಸ್, ಪಿನಿಯನ್ ಕಡೆ ಹೋಗಿ.

ಇನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನಾನು ಮಗಳನ್ನು ಹಿಂದೆ ಕೂರಿಸುತ್ತೇನೆ. ಡೀಸೆಲ್ ಎಂಜಿನ್ನಿನ ಪಕ್ಕದಲ್ಲೇ ವರ್ಷಗಟ್ಟಲೆ ಕೂತ ಕಿವಿಗೆ ಸಣ್ಣ ಕಿರ್ ಸದ್ದು ಬೇಗ ಕೇಳಿಸುವುದಿಲ್ಲ. ಅವಳು "ಅಪ್ಪ, ಈಗ ಶುರು... ಈಗ ನಿಂತಿತು" ಅನ್ನುತ್ತಾಳೆ. ನಾನು ಆಗ ಯಾವ ಗಿಯರು, ಎಷ್ಟು ವೇಗ, ಕಾಲು ಎಲ್ಲಿತ್ತು ಅಂತ ಗಮನಿಸುತ್ತೇನೆ.

ಮೊದಲು ಟೈರು, ಆಮೇಲೆ ಆಯಿಲು

ಇವೆರಡಕ್ಕೆ ದುಡ್ಡೇ ಬೇಡ, ಆದರೂ ಜನ ಕೊನೆಗೆ ನೋಡುತ್ತಾರೆ. ಬಟನ್ ಟೈರು ಡಾಂಬರಿನ ಮೇಲೆ ಗುಂಯ್ ಅನ್ನುತ್ತದೆ. ಸವೆದು ಏರುತಗ್ಗಾದರೆ ಇನ್ನೂ ಜಾಸ್ತಿ. ಡಾಂಬರಿನ ಮೇಲೆ ಬಂದ ಸದ್ದು ಅದೇ ವೇಗದಲ್ಲಿ ಮಣ್ಣು ರಸ್ತೆಗೆ ಇಳಿದ ತಕ್ಷಣ ಮಾಯವಾದರೆ ಅದು ಟೈರಿನದು. ಬೇರಿಂಗಿಗೆ, ಪಿನಿಯನ್ನಿಗೆ ರಸ್ತೆ ಯಾವುದಾದರೂ ಒಂದೇ. ಅನುಮಾನ ಉಳಿದರೆ ಮುಂದಿನ ಚಕ್ರ ಹಿಂದೆ, ಹಿಂದಿನದು ಮುಂದೆ ಹಾಕಿ. ಸದ್ದು ಜಾಗ ಬದಲಿಸಿತಾ ನೋಡಿ.

ಆಯಿಲ್ ನೋಡಲು ಗಾಡಿ ಸಮತಟ್ಟಿನಲ್ಲಿರಲಿ. ಗಿಯರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು, ಹಿಂದಿನ ಡಿಫ್ರೆನ್ಶಿಯಲ್ (ಆಕ್ಸಲ್ಲಿನ ಗುಂಡು, ಕ್ರೌನ್ ಪಿನಿಯನ್ ಇರುವುದು ಇದರೊಳಗೆ), ಮುಂದಿನ ಡಿಫ್ರೆನ್ಶಿಯಲ್, ನಾಲ್ಕೂ ಕಡೆ ಆಯಿಲ್ ತುಂಬುವ ಪ್ಲಗ್ ಬಿಚ್ಚಿ ಬೆರಳು ಹಾಕಿ. ತೂತಿನ ಕೆಳಗಿನ ಅಂಚಿಗೆ ಆಯಿಲ್ ತಾಗಬೇಕು. ಮುಂದಿನದನ್ನು ಮರೆಯುವವರೇ ಜಾಸ್ತಿ. ಫೋರ್ ವೀಲ್ ಹಾಕುವುದು ಮಳೆಗಾಲದಲ್ಲಿ ಮಾತ್ರ ಅಲ್ವಾ, ಹಾಗಾಗಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬೆರಳಿಗೆ ಹತ್ತಿದ್ದನ್ನು ಬೆಳಕಿನಲ್ಲಿ ನೋಡಿ. ನುಣ್ಣನೆಯ ಬೂದು ಕೆಸರು ಸ್ವಲ್ಪ ಇದ್ದರೆ ವಯಸ್ಸಿನ ಸವೆತ, ಚಿಂತೆ ಬೇಡ. ಉಗುರಿಗೆ ಸಿಗುವಂಥ ಚೂರು, ಹೊಳೆಯುವ ಪದರ ಇದ್ದರೆ ಒಳಗೆ ಏನೋ ಒಡೆಯುತ್ತಿದೆ. ಅಂಥ ಗಾಡಿಯನ್ನು ಓಡಿಸಿ ಪರೀಕ್ಷೆ ಮಾಡಬೇಡಿ, ನೇರ ಬಿಚ್ಚಿಸಿ. ಗಿಯರ್ ಬಾಕ್ಸಿನಲ್ಲಿ ಹಳದಿ ಮಿಂಚು ಕಂಡರೆ ಗಿಯರ್ ಸಲೀಸಾಗಿ ಬೀಳಲು ಇರುವ ಸಿಂಕ್ರೊನೈಸರ್ ರಿಂಗಿನ ಹಿತ್ತಾಳೆ. ಹಾಲು ಹಾಕಿದ ಬಣ್ಣ ಬಂದಿದ್ದರೆ ನೀರು ಸೇರಿದೆ. ನಮ್ಮ ಕಡೆ ಇದೇ ದೊಡ್ಡ ಕಾಟ. ಓಡಿ ಬಿಸಿಯಾದ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಕ್ಸಲ್ ಮೇಲಿರುವ ಬ್ರೀದರ್ (ಗಾಳಿಯಾಡುವ ಸಣ್ಣ ಮುಚ್ಚಳ) ಕೆಸರು ಕಟ್ಟಿ ಮುಚ್ಚಿದ್ದರೆ ಅದು ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಆಮೇಲೆ ಬೇರಿಂಗಿಗೆ ತುಕ್ಕು. ಮಳೆಗಾಲ ಶುರುವಾಗುವ ಮುಂಚೆ ಬ್ರೀದರ್ ಬಿಚ್ಚಿ ಊದಿ ನೋಡುವುದು ಎರಡು ನಿಮಿಷದ ಕೆಲಸ.

ಹಳೆ ಜೀಪು ಕೊಳ್ಳುವವರಿಗೆ ಇಲ್ಲೇ ಒಂದು ಮಾತು. ಡಿಫ್ರೆನ್ಶಿಯಲ್ಲಿಗೆ ಸಿಕ್ಕಾಪಟ್ಟೆ ದಪ್ಪ ಆಯಿಲ್ ತುಂಬಿ ಸದ್ದು ಅಡಗಿಸುವುದು ಮಾರುವವರ ಹಳೆ ಕಸುಬು. ಅರ್ಧ ಗಂಟೆ ಓಡಿಸಿ. ಆಯಿಲ್ ಬಿಸಿಯಾಗಿ ತೆಳ್ಳಗಾದ ಮೇಲೆ ನಿಜವಾದ ಸದ್ದು ಹೊರಬರುತ್ತದೆ.

ನಿಂತಲ್ಲೇ ಮಾಡುವ ಪರೀಕ್ಷೆ

ಎರಡು ಚಕ್ರಕ್ಕಾದರೂ ಹಿಂದೆ ಮುಂದೆ ಕಲ್ಲು ಕೊಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಕೆಲವು ಹಳೆ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಬುಡದಲ್ಲಿ ಒಂದು ಡ್ರಮ್ಮಿನ ಮೇಲಿದೆ. ಅಂಥ ಗಾಡಿಯ ಒಂದು ಹಿಂದಿನ ಚಕ್ರ ಜಾಕಿಯಲ್ಲಿ ಎತ್ತಿದರೆ ಹ್ಯಾಂಡ್‌ಬ್ರೇಕು ಎಳೆದಿದ್ದರೂ ಪ್ರಯೋಜನವಿಲ್ಲ. ಎತ್ತಿದ ಚಕ್ರ ಒಂದು ಕಡೆ ತಿರುಗುತ್ತದೆ, ನೆಲದ ಚಕ್ರ ಇನ್ನೊಂದು ಕಡೆ ತಿರುಗುತ್ತದೆ, ಗಾಡಿ ಜಾಕಿಯಿಂದ ಉರುಳುತ್ತದೆ. ಹಿಂದಿನ ಶಾಫ್ಟ್ ಬಿಚ್ಚಿದರೆ ಅಂಥ ಗಾಡಿಗೆ ಹ್ಯಾಂಡ್‌ಬ್ರೇಕೇ ಇಲ್ಲದ ಹಾಗೆ. ಟ್ರಾನ್ಸ್‌ಫರ್ ಕೇಸು ನ್ಯೂಟ್ರಲ್‌ಗೆ ಹಾಕಿದರೆ ಗಿಯರಿನಲ್ಲಿಟ್ಟರೂ ಗಾಡಿ ನಿಲ್ಲುವುದಿಲ್ಲ. ಜಾಕಿ ಮೇಲೆ ಮಾತ್ರ ನಿಂತ ಗಾಡಿ ಕೆಳಗೆ ಯಾವತ್ತೂ ತೂರಬೇಡಿ.

ಈಗ ಎಂಜಿನ್ ಸ್ಟಾರ್ಟ್ ಮಾಡಿ, ಗಿಯರ್ ನ್ಯೂಟ್ರಲ್‌ನಲ್ಲಿರಲಿ. ಕ್ಲಚ್ ಮೇಲೆ ಕಾಲಿಲ್ಲದಾಗ ಗರಗರ ಇದೆ, ಕ್ಲಚ್ ಪೂರ್ತಿ ಒತ್ತಿದರೆ ನಿಲ್ಲುತ್ತದೆ ಅಂದರೆ ಗಿಯರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗು ಅಥವಾ ಕೆಳಗಿನ ಲೇ ಶಾಫ್ಟು (ಗಿಯರುಗಳನ್ನು ಹೊತ್ತ ಎರಡನೇ ಶಾಫ್ಟು). ತದ್ವಿರುದ್ಧವಾಗಿ, ಕ್ಲಚ್ ಒತ್ತಿದಾಗಲೇ ಕಿರ್ ಅಂದರೆ ಕ್ಲಚ್ಚನ್ನು ತಳ್ಳುವ ರಿಲೀಸ್ ಬೇರಿಂಗು. ಕಾಲನ್ನು ಪೆಡಲ್ ಮೇಲೆ ಸುಮ್ನೆ ಇಟ್ಟಷ್ಟಕ್ಕೇ ಸದ್ದು ಬದಲಾದರೂ ಅದೇ. ಇನ್ನು ಗಿಯರ್ ಹಾಕಿ ಕ್ಲಚ್ ಪೂರ್ತಿ ಒತ್ತಿ ಹಿಡಿದಾಗ ಮಾತ್ರ ಬಂದರೆ ಫ್ಲೈವೀಲ್ ಮಧ್ಯದ ಪೈಲಟ್ ಬೇರಿಂಗನ್ನೂ ಅನುಮಾನಿಸಬೇಕು.

ಮುಂದಿನದು ನನಗೆ ತುಂಬಾ ಇಷ್ಟದ ಪರೀಕ್ಷೆ. ಫೋರ್ ವೀಲ್ ಗಾಡಿಗೆ ಮಾತ್ರ ಸಿಗುವ ಅನುಕೂಲ ಇದು. ಗಿಡ್ಡ ಲಿವರನ್ನು ನ್ಯೂಟ್ರಲ್‌ಗೆ ತನ್ನಿ. ಈಗ ದೊಡ್ಡ ಲಿವರಿನಲ್ಲಿ ಫಸ್ಟು, ಸೆಕೆಂಡು, ಥರ್ಡು, ಟಾಪು ಒಂದೊಂದೇ ಹಾಕಿ ಕ್ಲಚ್ ಬಿಡಿ. ಗಾಡಿ ಅಲುಗದು, ಆದರೆ ಗಿಯರ್ ಬಾಕ್ಸು ಪೂರ್ತಿ ತಿರುಗುತ್ತದೆ. ರಸ್ತೆಯಲ್ಲಿ ಕೇಳಿದ ಸದ್ದು ಇಲ್ಲೂ ಬಂದರೆ ಡಿಫ್ರೆನ್ಶಿಯಲ್, ಶಾಫ್ಟು, ಚಕ್ರ ಎಲ್ಲ ನಿರಪರಾಧಿಗಳು. ಬರದಿದ್ದರೆ ಗಿಯರ್ ಬಾಕ್ಸು ಪೂರ್ತಿ ಪಾಸಾಯಿತು ಅನ್ನಲು ಆಗುವುದಿಲ್ಲ, ಯಾಕೆಂದರೆ ಇಲ್ಲಿ ಭಾರವಿಲ್ಲ. ಆದರೂ ಅನುಮಾನ ಹಿಂದಕ್ಕೆ ಸರಿಯುತ್ತದೆ. ಹೀಗೆ ತಿರುಗುತ್ತಿರುವಾಗ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಕೇಸಿಗೆ ಒತ್ತಿ, ಹಿಡಿಯನ್ನು ಕಿವಿಯ ಎಲುಬಿಗೆ ಇಡಿ. ಒಳ್ಳೆ ಬೇರಿಂಗು ಒಂದೇ ಸಮ ಸರ್ ಅನ್ನುತ್ತದೆ, ಕೆಟ್ಟದ್ದು ಗರಗರ. ಅಂಗಿಯ ತೋಳು, ಟವೆಲ್ಲು ತಿರುಗುವ ಭಾಗದ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಟಾಪ್ ಗಿಯರಿನ ಬಗ್ಗೆ ಒಂದು ಸೂಕ್ಷ್ಮ ಇದೆ. ನಾಲ್ಕು ಗಿಯರಿನ ಈ ಬಾಕ್ಸಿನಲ್ಲಿ ಟಾಪ್ ಅಂದರೆ ನೇರ. ಎಂಜಿನ್ನಿನ ಬಲ ಲೇ ಶಾಫ್ಟಿಗೆ ಇಳಿಯದೆ ಸೀದಾ ಹಿಂದಕ್ಕೆ ಹೋಗುತ್ತದೆ. ಮೂರು ಗಿಯರಿನಲ್ಲೂ ಇದ್ದ ಸದ್ದು ಟಾಪಿನಲ್ಲಿ ಕರಗಿದರೆ ಲೇ ಶಾಫ್ಟಿನ ಬೇರಿಂಗು. ಒಂದೇ ಗಿಯರಿನಲ್ಲಿ ಬಂದರೆ ಆ ಜೋಡಿ ಗಿಯರಿನ ಹಲ್ಲು.

ಹಾಗಾದರೆ ಟಾಪಿನಲ್ಲೂ ಬಿಡದ ಸಣ್ಣ ಗುಂಯ್? ನಿಮ್ಮ ಜೀಪಿನ ಹಿಂದಿನ ಡಿಫ್ರೆನ್ಶಿಯಲ್ ಮಧ್ಯದಲ್ಲಿಲ್ಲದೆ ಒಂದು ಪಕ್ಕಕ್ಕೆ ಸರಿದಿದ್ದರೆ, ಟ್ರಾನ್ಸ್‌ಫರ್ ಕೇಸು ಹಳೆ ವಿಲ್ಲೀಸ್ ಕಾಲದ ಮಾದರಿಯದು. ಅದರಲ್ಲಿ ಹೈನಲ್ಲೂ (ಗಿಡ್ಡ ಲಿವರಿನ ಮಾಮೂಲಿ ರಸ್ತೆಯ ಸ್ಥಾನ) ಬಲ ನಡುವಿನ ಐಡ್ಲರ್ ಗಿಯರ್ ದಾಟಿಯೇ ಹೋಗಬೇಕು, ನೇರ ದಾರಿ ಇಲ್ಲ. ಆ ಗುಂಯ್ ಗಾಡಿಯ ಹುಟ್ಟುಗುಣ. ಅದನ್ನು ರಿಪೇರಿ ಮಾಡಿಸಲು ಹೊರಟರೆ ದುಡ್ಡು ಹೋಗುತ್ತದೆ, ಸದ್ದು ಉಳಿಯುತ್ತದೆ. ಅದು ಈಚೆಗೆ ಜೋರಾಗಿದ್ದರೆ ಮಾತ್ರ ಐಡ್ಲರ್ ಗಿಯರಿನ ಒಳಗಿನ ರೋಲರು, ಅದರ ಶಾಫ್ಟು, ಪಕ್ಕದ ವಾಷರು ನೋಡಿಸಿ. ಸವೆಯುವುದು ಅವೇ.

ರಸ್ತೆಯಲ್ಲಿ

ಸಮತಟ್ಟಾದ, ಖಾಲಿ ರಸ್ತೆ ಬೇಕು. ಚಾರ್ಮಾಡಿಯಂಥ ಘಾಟಿಯಲ್ಲಿ ಈ ಯಾವುದನ್ನೂ ಮಾಡಬೇಡಿ, ಇಳಿಜಾರಿನಲ್ಲಿ ನ್ಯೂಟ್ರಲ್ ಅಂತೂ ಬೇಡವೇ ಬೇಡ.

50ರಲ್ಲಿ ಹೋಗುತ್ತಾ ಗಿಯರ್ ನ್ಯೂಟ್ರಲ್‌ಗೆ ತಂದು ಗಾಡಿಯನ್ನು ಉರುಳಲು ಬಿಡಿ. ಎಂಜಿನ್ ಸದ್ದು ಇಳಿಯಿತು. ಗಾಡಿಯ ಸದ್ದು ಹಾಗೇ ಮುಂದುವರಿದು, ವೇಗದ ಜೊತೆ ನಿಧಾನ ಇಳಿದರೆ ಅದು ಟ್ರಾನ್ಸ್‌ಫರ್ ಕೇಸಿನಿಂದ ಚಕ್ರದವರೆಗಿನ ಯಾವುದೋ ಒಂದು.

ಇನ್ನು ಡಿಫ್ರೆನ್ಶಿಯಲ್. ಟಾಪಿನಲ್ಲಿ ಮೂರು ಥರ ಓಡಿಸಿ: ಆಕ್ಸಿಲರೇಟರ್ ಒತ್ತುತ್ತಾ, ಪೂರ್ತಿ ಬಿಟ್ಟು, ಮತ್ತೆ ವೇಗ ಏರದೆ ಇಳಿಯದೆ ಇರುವಷ್ಟು ಮಾತ್ರ ಒತ್ತಿ. ಕ್ರೌನ್ ಹಲ್ಲಿಗೆ ಎರಡು ಮುಖ ಇವೆ. ಎಳೆಯುವಾಗ ಒಂದು ಮುಖಕ್ಕೆ ಭಾರ, ಕಾಲು ತೆಗೆದಾಗ ಇನ್ನೊಂದಕ್ಕೆ. ಎಳೆಯುವಾಗ ಮಾತ್ರ ಸಂಜೆಯ ಜೀರುಂಡೆಯಂತೆ ಒಂದೇ ಶ್ರುತಿಯಲ್ಲಿ ಕೂಗಿದರೆ ಆ ಮುಖ ಸವೆದಿದೆ, ಅಥವಾ ಪಿನಿಯನ್ ಬೇರಿಂಗ್ ಸಡಿಲಾಗಿ ಪಿನಿಯನ್ ತನ್ನ ಜಾಗದಿಂದ ಸರಿದಿದೆ. ಕಾಲು ತೆಗೆದಾಗ ಮಾತ್ರ ಬಂದರೆ ಇನ್ನೊಂದು ಮುಖ. ಅಲ್ಲೂ ಮೊದಲು ಪಿನಿಯನ್ ನಟ್ಟು, ಬೇರಿಂಗ್ ನೋಡಿ. ಮೂರರಲ್ಲೂ ಗರಗರ ಒಂದೇ ಸಮ ಇದ್ದರೆ ಹಲ್ಲಲ್ಲ, ಬೇರಿಂಗು. ಹಲ್ಲಿಗೆ ಶ್ರುತಿ ಇರುತ್ತದೆ, ಬೇರಿಂಗಿಗೆ ಇರುವುದಿಲ್ಲ, ಬರೀ ಒರಟು ಸದ್ದು. ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಕ್ರೌನ್ ಪಿನಿಯನ್ ಸೆಟ್ಟಿನ ದುಡ್ಡು ಎಷ್ಟೋ ಸಲ ಉಳಿಯುತ್ತದೆ.

ಸೀದಾ ರಸ್ತೆಯಲ್ಲಿ ಏನೂ ಇಲ್ಲ, ತಿರುವಿನಲ್ಲಿ ಮಾತ್ರ ಅಂದರೆ ಎರಡು ಸಾಧ್ಯತೆ. ಒಂದು, ಡಿಫ್ರೆನ್ಶಿಯಲ್ ಒಳಗಿನ ಸಣ್ಣ ಗಿಯರುಗಳು. ತಿರುಗುವಾಗ ಮಾತ್ರ ಅವು ಜಾಸ್ತಿ ಕೆಲಸ ಮಾಡುವುದು. ಇನ್ನೊಂದು, ಚಕ್ರದ ಬೇರಿಂಗು. ಸ್ಟೇರಿಂಗನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತೂಗಿ ನೋಡಿ. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಗಡೆ ಬೀಳುತ್ತದೆ. ಆಗ ಗರಗರ ಏರಿದರೆ ಬಲಗಡೆಯ ಬೇರಿಂಗು. ಓಡಿಸಿ ಬಂದ ಮೇಲೆ ನಾಲ್ಕೂ ಹಬ್ಬಿನ ಹತ್ತಿರ ಕೈ ಒಯ್ದು ನೋಡಿ. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅಲ್ಲಿ ಬೇರಿಂಗು ಅಥವಾ ಹಿಡಿದುಕೊಂಡ ಬ್ರೇಕು. ಆ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಪ್ಲೇ (ಸಡಿಲ) ಗೊತ್ತಾಗುತ್ತದೆ.

ಧಡ್ ಅನ್ನುವ ಸದ್ದು

ಕ್ಲಚ್ ಬಿಟ್ಟಾಗ, ರಿವರ್ಸಿನಿಂದ ಫಸ್ಟಿಗೆ ಬಂದಾಗ ಒಂದೇ ಧಡ್. ಇದಕ್ಕೆ ಗಾಡಿ ಕೆಳಗೆ ಮಲಗುವುದೇ ದಾರಿ. ಎಂಜಿನ್ ಆಫ್, ಚಕ್ರಕ್ಕೆ ಕಲ್ಲು, ಗಿಯರ್ ನ್ಯೂಟ್ರಲ್. ಶಾಫ್ಟನ್ನು ಒಂದು ಕೈಯಲ್ಲಿ, ಅದರ ಪಕ್ಕದ ಫ್ಲೇಂಜನ್ನು ಇನ್ನೊಂದು ಕೈಯಲ್ಲಿ ಹಿಡಿದು ಎದುರುಬದುರು ತಿರುಚಿ. ನಡುವಿನ ಕ್ರಾಸ್ ಅಲುಗಿದರೆ ಅದು ಮುಗಿದಿದೆ. ಬೇರಿಂಗ್ ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಅಲುಗದಿದ್ದರೂ ಅದರ ದಿನ ಹತ್ತಿರ ಬಂದಿದೆ. ನಿಧಾನ ಹೋಗುವಾಗ ಕಿಚ್ ಕಿಚ್ ಅನ್ನುವುದೂ ಒಣಗಿದ ಕ್ರಾಸೇ. ಗ್ರೀಸ್ ಹೊಡೆಯುವಾಗ ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಹೊಡೆಯಿರಿ. ಒಂದರಿಂದ ಬರದಿದ್ದರೆ ಆ ಒಂದೇ ಒಣಗಿ ಸಾಯುತ್ತದೆ.

ಆಮೇಲೆ ಪಿನಿಯನ್ನಿನ ಫ್ಲೇಂಜನ್ನು ಮೇಲೆ ಕೆಳಗೆ ಎತ್ತಿ ನೋಡಿ. ತಿರುಗಿಸುವಾಗ ಸ್ವಲ್ಪ ಪ್ಲೇ ಇರಲೇಬೇಕು, ಹಲ್ಲಿನ ಸಂದಿ ಅದು. ಮೇಲೆ ಕೆಳಗೆ ಮಾತ್ರ ಒಂದು ಕೂದಲಿನಷ್ಟೂ ಇರಬಾರದು. ಇದ್ದರೆ ಪಿನಿಯನ್ ಬೇರಿಂಗ್ ಸಡಿಲಾಗಿದೆ. ಅದನ್ನು ಹಾಗೇ ಓಡಿಸಿದರೆ ಬೇರಿಂಗಿನ ಖರ್ಚು ಕ್ರೌನಿನ ಖರ್ಚಾಗುತ್ತದೆ.

ಧಡ್ ಅಂದಿದ್ದೆಲ್ಲ ಗಿಯರಿನ ಸಾಲಿನದೇ ಆಗಿರಬೇಕಿಲ್ಲ. ಗಿಯರ್ ಬಾಕ್ಸಿನ ಮೌಂಟಿಂಗ್ ರಬ್ಬರು, ಪ್ಲೇಟ್ ಸೆಟ್ಟಿನ (ಲೀಫ್ ಸ್ಪ್ರಿಂಗ್) ಯು ಬೋಲ್ಟು, ಶ್ಯಾಕಲ್ ಬುಷ್ಷು ಕೂಡ ಇದೇ ಸದ್ದು ಮಾಡುತ್ತವೆ. ಹಂಪಿನ ಮೇಲೆ ಕಾಲು ತೆಗೆದು ಹೋದಾಗಲೂ ಬಂದರೆ ಅವನ್ನೇ ಮೊದಲು ಬಿಗಿಸಿ.

ಶಾಫ್ಟ್ ಬಿಚ್ಚುವ ಮುನ್ನ ಎರಡೂ ತುಂಡಿನ ಮೇಲೆ ಬಣ್ಣದಿಂದ ಒಂದೇ ಗೆರೆ ಎಳೆಯಿರಿ. ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿರಬೇಕು. ಜೋಡಿಸುವಾಗ ಒಂದು ಹಲ್ಲು ಆಚೀಚೆಯಾದರೂ ಗಾಡಿ ನಡುಗುತ್ತದೆ, ಆಮೇಲೆ ಹೊಸ ಕ್ರಾಸಿಗೇ ಬೈಯುತ್ತೇವೆ.

ಮುಂದಿನ ಆಕ್ಸಲ್

ಹಬ್ ಲಾಕ್ (ಮುಂದಿನ ಚಕ್ರವನ್ನು ಆಕ್ಸಲ್ಲಿಗೆ ಜೋಡಿಸುವ, ಬಿಡಿಸುವ ಕೊಂಡಿ) ಇರುವ ಗಾಡಿಯವರು ಪುಣ್ಯವಂತರು. ಟೂ ವೀಲಿನಲ್ಲಿ ಹಬ್ ಲಾಕ್ ಮಾಡಿ ಒಂದು ಸಲ, ಫ್ರೀ ಮಾಡಿ ಒಂದು ಸಲ ಓಡಿಸಿ. ಫ್ರೀ ಮಾಡಿದಾಗ ಮುಂದಿನ ಆಕ್ಸಲ್, ಡಿಫ್ರೆನ್ಶಿಯಲ್, ಶಾಫ್ಟು ಎಲ್ಲ ನಿಂತುಬಿಡುತ್ತವೆ. ಸದ್ದೂ ನಿಂತರೆ ಅದು ಅಲ್ಲಿಯದೇ. ಹಬ್ ಲಾಕ್ ಇಲ್ಲದಿದ್ದರೆ ಅವು ಯಾವಾಗಲೂ ತಿರುಗುತ್ತಿರುತ್ತವೆ. ಆಗ ಮುಂದಿನ ಶಾಫ್ಟ್ ಬಿಚ್ಚಿಟ್ಟು ಟೂ ವೀಲಿನಲ್ಲಿ ಓಡಿಸಿ ನೋಡಬೇಕು. ಶಾಫ್ಟಿನದ್ದಾದರೆ ಸದ್ದು ಹೋಗುತ್ತದೆ, ಆಕ್ಸಲ್ಲಿನದ್ದಾದರೆ ಉಳಿಯುತ್ತದೆ.

ಕೆಸರಿನಲ್ಲಿ ಫೋರ್ ವೀಲ್ ಹಾಕಿ ಪೂರ್ತಿ ತಿರುಗಿಸಿದಾಗ ಚಕ್ರದ ಹತ್ತಿರ ಟಕ್ ಟಕ್ ಅಂದರೆ ಆಕ್ಸಲ್ಲಿನ ಕ್ರಾಸ್ ಸವೆದಿದೆ. ಟಕ್ ಇಲ್ಲದೆ ಬರೀ ಸ್ವಲ್ಪ ಎಳೆದಾಡಿದರೆ ಹೆದರಬೇಡಿ. ಒಂದೇ ಕ್ರಾಸು ಅಷ್ಟು ಮಡಚಿಕೊಂಡಾಗ ಒಂದೇ ವೇಗದಲ್ಲಿ ತಿರುಗಲಾರದು.

ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿದವರಿಗೆ ಬೇರೆಯೇ ಸದ್ದು ಕೇಳಿಸುತ್ತದೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ದೂರ ಓಡಬೇಕು. ಈ ಗಾಡಿಗಳಲ್ಲಿ ನಡುವೆ ಡಿಫ್ರೆನ್ಶಿಯಲ್ ಇಲ್ಲ. ಒತ್ತಡ ಶಾಫ್ಟಿನಲ್ಲೇ ಸುರುಳಿ ಸುತ್ತಿಕೊಂಡು, ಟೈರು ಜಾರಿದಾಗ ಧಡ್ ಅಂತ ಬಿಡುತ್ತದೆ. ಲಿವರು ಟೂ ವೀಲಿಗೆ ಬರುವುದೇ ಇಲ್ಲ. ಗುದ್ದಬೇಡಿ. ಸ್ವಲ್ಪ ರಿವರ್ಸ್ ಹೋಗಿ, ಆಗ ತಾನಾಗಿ ಬರುತ್ತದೆ. ಹಿಂದೆ ಹೊಸ ಟೈರು, ಮುಂದೆ ಬೋಳು ಟೈರು ಹಾಕಿದರೆ ಸೀದಾ ರಸ್ತೆಯಲ್ಲೂ ಇದೇ ಗತಿ.

ಬಿಚ್ಚಲೇಬೇಕಾದರೆ

ಡಿಫ್ರೆನ್ಶಿಯಲ್ ಬಿಚ್ಚುವ ದಿನ ಗ್ಯಾರೇಜಿನಲ್ಲೇ ಇರಿ. ಹಳೆ ಶಿಮ್ಮುಗಳನ್ನು (ಸಂದಿ ಸರಿಮಾಡಲು ಇಡುವ ತೆಳು ಬಿಲ್ಲೆ) ಎಸೆಯಲು ಬಿಡಬೇಡಿ. ಯಾವ ಕಡೆ ಯಾವುದಿತ್ತು ಅಂತ ಬರೆದು ದಾರದಲ್ಲಿ ಪೋಣಿಸಿ ಇಡಿ. ಬೇರಿಂಗು ಮಾತ್ರ ಹಾಕುವುದಾದರೆ ಲೆಕ್ಕ ಅಲ್ಲಿಂದಲೇ ಶುರು. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬರುತ್ತವೆ. ಎರಡರ ಮೇಲೂ ಕೆತ್ತಿದ ಜೋಡಿ ನಂಬರು ಒಂದೇ ಇರಬೇಕು. ಒಂದು ಹೊಸದು, ಒಂದು ಗುಜರಿಯದು ಅಂತ ಕೂಡಿಸಿದರೆ ಜನ್ಮಕ್ಕೆ ಸದ್ದು ಬಿಡದು. ಜೋಡಿಸಿದ ಮೇಲೆ ಕ್ರೌನಿನ ನಾಲ್ಕಾರು ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ತೋರಿಸಿ ಅಂತ ಕೇಳಿ. ಗುರುತು ಹಲ್ಲಿನ ನಡುವೆ ಬೀಳಬೇಕು. ತುದಿಗೋ ಬುಡಕ್ಕೋ ಬಿದ್ದರೆ ಶಿಮ್ ಬದಲಿಸಿ ಮತ್ತೆ ನೋಡಬೇಕು. ಕೆಲವು ಮೇಸ್ತ್ರಿಗಳಿಗೆ ಹೀಗೆ ಕೇಳಿದರೆ ಸಿಟ್ಟು ಬರುತ್ತದೆ. ಒಳ್ಳೆಯವರು ಕೇಳುವ ಮೊದಲೇ ತೋರಿಸುತ್ತಾರೆ.

ಡಿಫ್ರೆನ್ಶಿಯಲ್ಲಿಗೆ ಜಿಎಲ್-5 ದರ್ಜೆಯ ಗಿಯರ್ ಆಯಿಲ್ ಬೇಕು. ಅದನ್ನೇ ಗಿಯರ್ ಬಾಕ್ಸಿಗೂ ಸುರಿಯಬೇಡಿ. ಹಳೆ ಬಾಕ್ಸಿನ ಹಿತ್ತಾಳೆ ರಿಂಗುಗಳಿಗೆ ಜಿಎಲ್-4 ಕ್ಷೇಮ. ಹೊಸ ಕ್ರೌನ್ ಹಾಕಿದ ಮೊದಲ ದಿನಗಳಲ್ಲಿ ಮೂಟೆ ಹೇರಬೇಡಿ. 20-30 ಕಿ.ಮೀ. ಹಗುರವಾಗಿ ಓಡಿಸಿ, ಪೂರ್ತಿ ಆರಲು ಬಿಡಿ, ಮತ್ತೆ ಓಡಿಸಿ. 800 ಕಿ.ಮೀ. ಆಸುಪಾಸಿನಲ್ಲಿ ಆ ಆಯಿಲ್ ಇಳಿಸಿ ಹೊಸದು ತುಂಬಿ. ಇಳಿದ ಆಯಿಲಿನಲ್ಲಿ ಬೂದು ಪುಡಿ ಇದ್ದೇ ಇರುತ್ತದೆ, ಚೂರು ಇದ್ದರೆ ಮಾತ್ರ ಗಾಡಿಯನ್ನು ವಾಪಸ್ ಗ್ಯಾರೇಜಿಗೆ ಒಯ್ಯಿರಿ.